ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬಂದ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಪತ್ರ? ಯಾರು, ಯಾರಿಗೆ, ಯಾವಾಗ ಬರೆದದ್ದು?

ಅಮೆರಿಕದ ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಜೈಲಿನಲ್ಲಿದ್ದಾಗ ಬರೆದ ಪತ್ರ ಇದು. ಅದರ ಮೇಲಿರುವ ತಾರೀಖು 1963ರ ಏಪ್ರಿಲ್ 16. ನಾಲ್ಕು ದಿನ ಮೊದಲು, ಗುಡ್ ಫ್ರೈಡೇಯಂದು, ನ್ಯಾಯಾಲಯದ ತಡೆಯಾಜ್ಞೆ ಮೀರಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟದ್ದಕ್ಕೆ ಅವರನ್ನೂ ಅವರ ಜೊತೆಗಾರ ರಾಲ್ಫ್ ಅಬರ್ನಥಿಯವರನ್ನೂ ಬಂಧಿಸಿದ್ದರು.

ಅದೇ ಹೊತ್ತಿಗೆ ಅಲಬಾಮಾದ ಎಂಟು ಮಂದಿ ಬಿಳಿಯ ಧರ್ಮಗುರುಗಳ ಹೇಳಿಕೆಯೊಂದು ಪತ್ರಿಕೆಯಲ್ಲಿ ಬಂತು. ಪ್ರತಿಭಟನೆ ವಿವೇಕವಿಲ್ಲದ್ದು, ಹೊತ್ತಲ್ಲದ ಹೊತ್ತಿನದು, ಹೊರಗಿನವರ ಕೈವಾಡ ಇದರಲ್ಲಿದೆ, ಹಕ್ಕು ಬೇಕಿದ್ದರೆ ಬೀದಿಗಿಳಿಯದೆ ನ್ಯಾಯಾಲಯಕ್ಕೆ ಹೋಗಿ ಎಂಬುದು ಅದರ ತಿರುಳು. ಪೊಲೀಸರು ಶಾಂತವಾಗಿ ನಡೆದುಕೊಂಡರೆಂಬ ಮೆಚ್ಚುಗೆಯೂ ಅದರಲ್ಲಿತ್ತು. ಕಿಂಗ್ ಅವರ ಹೆಸರನ್ನು ಎಲ್ಲಿಯೂ ಎತ್ತಿರಲಿಲ್ಲ.

ಸಹಿ ಹಾಕಿದವರು ಯಾರೆಂಬುದು ಮುಖ್ಯ. ಇಬ್ಬರು ಎಪಿಸ್ಕೋಪಲ್ ಬಿಷಪ್‌ಗಳು, ಇಬ್ಬರು ಮೆಥಡಿಸ್ಟ್ ಬಿಷಪ್‌ಗಳು, ಒಬ್ಬ ಕ್ಯಾಥಲಿಕ್ ಸಹಾಯಕ ಬಿಷಪ್, ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿ, ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ. ಇವರು ಕಟ್ಟಾ ವರ್ಣಭೇದಿಗಳಲ್ಲ. ಆ ವರ್ಷದ ಜನವರಿಯಲ್ಲಿ, ನ್ಯಾಯಾಲಯದ ತೀರ್ಪುಗಳಿಗೆ ಬಿಳಿಯರು ತಲೆಬಾಗಬೇಕೆಂದು ಕೇಳಿಕೊಂಡಿದ್ದವರೂ ಇವರೇ. ಪತ್ರದ ಧಾಟಿ ಏಕೆ ಹಾಗಿದೆ ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ. ಅದು ವೈರಿಗೆ ಬರೆದದ್ದಲ್ಲ. ನ್ಯಾಯದ ಪರವೆಂದು ತಮ್ಮನ್ನು ತಾವೇ ನಂಬಿಕೊಂಡಿದ್ದ ಸಂಭಾವಿತರಿಗೆ ಬರೆದದ್ದು.

ಆಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಥ ಕಾನೂನುಗಳಿದ್ದವು?

ನಗರದ ಕಾನೂನು ಸಂಹಿತೆಯ ಪ್ರಕಾರ ಒಂದೇ ಹೋಟೆಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಊಟ ಬಡಿಸಬೇಕಿದ್ದರೆ ನಡುವೆ ನೆಲದಿಂದ ಕನಿಷ್ಠ 7 ಅಡಿ ಎತ್ತರದ ಗಟ್ಟಿ ಗೋಡೆ ಇರಬೇಕಿತ್ತು, ಬೀದಿಯಿಂದ ಒಳಬರಲು ಬೇರೆ ಬೇರೆ ಬಾಗಿಲು ಇರಬೇಕಿತ್ತು. ಇಬ್ಬರೂ ಕೂಡಿ ಇಸ್ಪೀಟು, ದಾಳ, ಚೆಕರ್ಸ್ ಆಡುವುದೂ ಅಪರಾಧ. ಉದ್ಯಾನಗಳನ್ನು ಎಲ್ಲರಿಗೂ ತೆರೆಯಬೇಕೆಂದು ನ್ಯಾಯಾಲಯ ಹೇಳಿದಾಗ ನಗರಾಡಳಿತ 1962ರಲ್ಲಿ ಉದ್ಯಾನಗಳಿಗೇ ಬೀಗ ಹಾಕಿತು. 1956ರಲ್ಲಿ ಕಪ್ಪು ಜನರ ಮುಖ್ಯ ಹಕ್ಕು ಸಂಘಟನೆಯನ್ನು ಅಲಬಾಮಾ ರಾಜ್ಯ ನಿಷೇಧಿಸಿದಾಗ ಪಾದ್ರಿ ಫ್ರೆಡ್ ಷಟಲ್ಸ್‌ವರ್ಥ್ ಸ್ಥಳೀಯವಾಗಿ ಬೇರೊಂದು ಸಂಘಟನೆ ಕಟ್ಟಿದರು. ಕಿಂಗ್ ಅವರನ್ನು ಊರಿಗೆ ಕರೆಸಿಕೊಂಡದ್ದು ಅದೇ ಸಂಘಟನೆ. ಪೊಲೀಸ್ ಇಲಾಖೆ ‘ಬುಲ್’ ಕಾನರ್ ಎಂಬ ಆಯುಕ್ತನ ಕೈಯಲ್ಲಿತ್ತು. ಕಪ್ಪು ಜನರ ಮನೆಗಳಿಗೂ ಚರ್ಚುಗಳಿಗೂ ಬಾಂಬು ಬೀಳುತ್ತಿತ್ತು, ಅಪರಾಧಿಗಳು ಸಿಗುತ್ತಿರಲಿಲ್ಲ.

ಜೈಲಿನಲ್ಲಿ ಕಾಗದವಿಲ್ಲದೆ ಇಷ್ಟು ದೊಡ್ಡ ಪತ್ರ ಬರೆದದ್ದು ಹೇಗೆ?

ಮೊದಲು ಹೇಳಿಕೆ ಅಚ್ಚಾಗಿದ್ದ ಪತ್ರಿಕೆಯ ಅಂಚಿನಲ್ಲೇ ಬರೆದರು. ಆಮೇಲೆ ಅಲ್ಲಿ ಕೆಲಸಕ್ಕಿದ್ದ ಕಪ್ಪು ಕೈದಿಯೊಬ್ಬ ತಂದುಕೊಟ್ಟ ಚೂರು ಕಾಗದಗಳಲ್ಲಿ, ಕೊನೆಗೆ ವಕೀಲರು ಬಿಟ್ಟುಹೋದ ಪುಸ್ತಕದಲ್ಲಿ. ವಕೀಲರ ಮೂಲಕ ಹೊರಬಂದ ಆ ಹಾಳೆಗಳನ್ನು ಕಿಂಗ್ ಅವರ ಸಹೋದ್ಯೋಗಿ ವಯಟ್ ಟೀ ವಾಕರ್ ಓದಿ ಹೇಳಿದರು, ಕಾರ್ಯದರ್ಶಿ ವಿಲ್ಲೀ ಪರ್ಲ್ ಮ್ಯಾಕಿ ಬೆರಳಚ್ಚು ಮಾಡಿದರು. ಏಪ್ರಿಲ್ 20ರಂದು ಕಿಂಗ್ ಜಾಮೀನಿನ ಮೇಲೆ ಹೊರಬಂದರು. ಪತ್ರ ಸುಮಾರು 7 ಸಾವಿರ ಪದಗಳದ್ದು, ಗಟ್ಟಿಯಾಗಿ ಓದಲು ಮುಕ್ಕಾಲು ಗಂಟೆಯಾದರೂ ಬೇಕು. ಪ್ರಾಚೀನ ಕ್ರೈಸ್ತ ಸಂತ ಆಗಸ್ಟೀನರಿಂದ 20ನೇ ಶತಮಾನದ ದೇವತಾಶಾಸ್ತ್ರಜ್ಞ ಟಿಲಿಕ್‌ವರೆಗೆ ಅಲ್ಲಿ ಬರುವ ಹೆಸರುಗಳೆಲ್ಲ ನೆನಪಿನಿಂದಲೇ ಬಂದವು. ವರ್ಷಗಟ್ಟಲೆ ಉಪದೇಶಗಳಲ್ಲಿ ಬಳಸಿ ಪಳಗಿದ್ದ ಮಾತುಗಳಾದ್ದರಿಂದ ಅದು ಸಾಧ್ಯವಾಯಿತು.

ವಾದವನ್ನು ಹೇಗೆ ಜೋಡಿಸಿದ್ದಾರೆ?

ಎದುರಾಳಿಗಳ ಹೇಳಿಕೆಯಿಂದ ಒಂದೊಂದೇ ಆರೋಪವನ್ನು ಎತ್ತಿಕೊಂಡು, ಅದನ್ನು ಅವರ ಮಾತಿನಲ್ಲೇ ನ್ಯಾಯವಾಗಿ ಹೇಳಿ, ಆಮೇಲೆ ಉತ್ತರಿಸುತ್ತಾರೆ. ಹೊರಗಿನವನೆಂಬ ಆರೋಪ ಮೊದಲು. ನಂತರ ಮಾತುಕತೆ ಬಿಟ್ಟು ಬೀದಿಗಿಳಿದದ್ದು ಏಕೆ, ಈಗಲೇ ಏಕೆ, ಕಾನೂನು ಮುರಿದದ್ದು ಏಕೆ ಎಂಬ ಪ್ರಶ್ನೆಗಳು. ಇಷ್ಟಾದ ಮೇಲೆ ಪತ್ರ ದಿಕ್ಕು ಬದಲಿಸುತ್ತದೆ. ಅಲ್ಲಿಯವರೆಗೆ ಆರೋಪಿಯ ಸ್ಥಾನದಲ್ಲಿದ್ದವರು ಈಗ ಎರಡು ನಿರಾಶೆಗಳನ್ನು ಮುಂದಿಡುತ್ತಾರೆ. ಒಂದು ಮಧ್ಯಮಮಾರ್ಗದ ಬಿಳಿಯರ ಬಗ್ಗೆ, ಇನ್ನೊಂದು ಬಿಳಿಯರ ಚರ್ಚಿನ ಬಗ್ಗೆ. ಇದು ಉಗ್ರವಾದವಲ್ಲವೇ ಎಂಬ ಆರೋಪಕ್ಕೆ ಉತ್ತರ ಇವೆರಡರ ನಡುವೆ ಬರುತ್ತದೆ.

ಈ ಅನುಕ್ರಮವನ್ನು ತಿರುಗಿಸಿದ್ದರೆ ಪತ್ರ ಸೋಲುತ್ತಿತ್ತು. ನಿರಾಶೆಯಿಂದ ಶುರುಮಾಡಿದ್ದರೆ ಓದುಗರು ಎರಡನೇ ಪುಟಕ್ಕೇ ಕೈಬಿಡುತ್ತಿದ್ದರು. ತಮ್ಮ ಮುಖ್ಯ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಅವರಿಗೆ ಪ್ರಶ್ನೆ ಎದುರಾಗುತ್ತದೆ.

‘ಹೊರಗಿನವನು’ ಎಂಬ ಆರೋಪಕ್ಕೆ ಕೊಟ್ಟ ಉತ್ತರದಲ್ಲಿ ವಿಶೇಷವೇನು?

ಮೂರು ಉತ್ತರಗಳಿವೆ, ಒಂದಕ್ಕಿಂತ ಒಂದು ವಿಸ್ತಾರ. ಮೊದಲನೆಯದು ಬರೀ ಕಚೇರಿ ವ್ಯವಹಾರದ್ದು: ನಾನು ದಕ್ಷಿಣದ ರಾಜ್ಯಗಳಲ್ಲಿ 85 ಅಂಗಸಂಸ್ಥೆಗಳಿರುವ ಸಂಘಟನೆಯ ಅಧ್ಯಕ್ಷ, ಇಲ್ಲಿನ ಅಂಗಸಂಸ್ಥೆ ಕರೆಯಿತು, ಬಂದೆ. ಎರಡನೆಯದು ಬೈಬಲಿನದು: ಪ್ರವಾದಿಗಳು ತಮ್ಮ ಹಳ್ಳಿಯೊಳಗೇ ಉಳಿಯಲಿಲ್ಲ, ಸಂತ ಪೌಲನೂ ಉಳಿಯಲಿಲ್ಲ. ಮೂರನೆಯದು ಎಲ್ಲರಿಗೂ ಸೇರಿದ್ದು: ಎಲ್ಲಿಯೇ ನಡೆದ ಅನ್ಯಾಯವಾದರೂ ಎಲ್ಲೆಡೆಯ ನ್ಯಾಯಕ್ಕೆ ಅಪಾಯ.

ಜನ ಮೂರನೆಯದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ, ಗೋಡೆಗೆ ಬರೆಯುತ್ತಾರೆ. ಆದರೆ ಮೊದಲನೆಯ ಒಣ ಉತ್ತರ ಇಲ್ಲದಿದ್ದರೆ ಮೂರನೆಯದು ತೂಗುತ್ತಿರಲಿಲ್ಲ. ‘ನಿನಗೇನು ಕೆಲಸ ಇಲ್ಲಿ?’ ಎಂದು ಕೇಳಿದವನಿಗೆ ತತ್ವ ಹೇಳಿದರೆ ನುಣುಚಿಕೊಂಡಂತೆ ಕಾಣುತ್ತದೆ. ಮೊದಲು ಆಮಂತ್ರಣ ತೋರಿಸಬೇಕು.

ಮಾತುಕತೆಗೆ ಅವಕಾಶವಿದ್ದೂ ಬೀದಿಗಿಳಿದರೇ?

ಅಹಿಂಸಾತ್ಮಕ ಚಳವಳಿಗೆ ಪತ್ರದಲ್ಲಿ ನಾಲ್ಕು ಹೆಜ್ಜೆಗಳನ್ನು ಹೇಳಿದೆ: ಅನ್ಯಾಯ ನಡೆದಿದೆಯೇ ಎಂದು ಸಂಗತಿಗಳನ್ನು ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ, ನೇರ ಹೋರಾಟ. ಪ್ರತಿಯೊಂದಕ್ಕೂ ಅಲ್ಲಿ ಸಾಕ್ಷ್ಯವಿದೆ. 1962ರ ಸೆಪ್ಟೆಂಬರ್ ಮಾತುಕತೆಯಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸುವ ಅವಮಾನಕರ ಫಲಕಗಳನ್ನು ತೆಗೆಯುತ್ತೇವೆಂದು ಅಂಗಡಿಕಾರರು ಮಾತು ಕೊಟ್ಟಿದ್ದರು. ಕೆಲವು ಫಲಕಗಳು ಇಳಿದು ಮತ್ತೆ ಏರಿದವು, ಉಳಿದವು ಇಳಿಯಲೇ ಇಲ್ಲ. ಆತ್ಮಶುದ್ಧಿ ಎಂದರೆ ಇಲ್ಲಿ ತರಬೇತಿ. ಏಟು ಬಿದ್ದರೆ ತಿರುಗಿ ಹೊಡೆಯದೆ ಇರಬಲ್ಲೆಯಾ, ಜೈಲು ತಾಳಬಲ್ಲೆಯಾ ಎಂದು ಸ್ವಯಂಸೇವಕರು ತಮ್ಮನ್ನೇ ಕೇಳಿಕೊಳ್ಳುವ ಕಾರ್ಯಾಗಾರಗಳು ನಡೆದವು, ಹತ್ತು ನಿಯಮಗಳ ಪ್ರತಿಜ್ಞಾಪತ್ರಕ್ಕೆ ಅವರು ಸಹಿ ಹಾಕಬೇಕಿತ್ತು.

ಹೊತ್ತಿನ ಆಯ್ಕೆಯೂ ಲೆಕ್ಕ ಹಾಕಿದ್ದೇ. ಕ್ರಿಸ್‌ಮಸ್ ಬಿಟ್ಟರೆ ಈಸ್ಟರ್ ಅಲ್ಲಿನ ಅತಿ ದೊಡ್ಡ ವ್ಯಾಪಾರದ ಕಾಲ. ಆಗ ಖರೀದಿ ನಿಂತರೆ ಅಂಗಡಿಗಳಿಗೆ ನೋವು ತಟ್ಟುತ್ತದೆ. ಆದರೂ ಮೇಯರ್ ಚುನಾವಣೆ ಮುಗಿಯಲೆಂದು ಚಳವಳಿಯನ್ನು ಮುಂದೂಡಿದರು. ಕಾನರ್ ಅಂತಿಮ ಸುತ್ತಿನಲ್ಲಿ ಇದ್ದಾನೆಂದು ತಿಳಿದಾಗ ಮತ್ತೆ ಮುಂದೂಡಿದರು. ಏಪ್ರಿಲ್ 2ರಂದು ಕಾನರ್ ಎದುರು ಆಲ್ಬರ್ಟ್ ಬೌಟ್‌ವೆಲ್ ಗೆದ್ದರು, ಮರುದಿನ ಚಳವಳಿ ಶುರುವಾಯಿತು. ‘ಅಕಾಲಿಕ’ ಎಂದವರಿಗೆ ಈ ತಾರೀಖುಗಳೇ ಉತ್ತರ.

ಆ ಪ್ರಸಿದ್ಧ ಉದ್ದ ವಾಕ್ಯದ ಬಗ್ಗೆ ಹೇಳಿ.

ಇಡೀ ಪತ್ರದ ಎದೆ ಅದು. ‘ಕಾಯಿರಿ’ ಎಂಬ ಮಾತಿಗೆ ಉತ್ತರ. ಸಂವಿಧಾನ ಮತ್ತು ದೇವರು ಕೊಟ್ಟ ಹಕ್ಕಿಗಾಗಿ 340 ವರ್ಷಕ್ಕೂ ಹೆಚ್ಚು ಕಾದಿದ್ದೇವೆ ಎಂದು ಹೇಳಿದ ಮೇಲೆ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ ಹರಿಯುತ್ತದೆ. ಹತ್ತು ಸಲ ‘ನೀವು ಇದನ್ನು ಕಂಡಾಗ’, ‘ನಿಮಗೆ ಹೀಗಾದಾಗ’ ಎಂದು ಉಪವಾಕ್ಯಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅವೆಲ್ಲ ಕಾಯುತ್ತಿರುವ ಮುಖ್ಯವಾಕ್ಯ ಕಟ್ಟಕಡೆಗೆ, ಪುಟ್ಟದಾಗಿ ಬರುತ್ತದೆ: ಆಗ ನಿಮಗೆ ತಿಳಿಯುತ್ತದೆ, ಕಾಯುವುದು ನಮಗೇಕೆ ಕಷ್ಟವೆಂದು. ಕಾಯುವುದು ಎಂದರೇನೆಂದು ವಿವರಿಸುವ ಬದಲು ಓದುಗನನ್ನೇ ಕಾಯಿಸುತ್ತಾರೆ. ಇದಕ್ಕಿಂತ ಒಳ್ಳೆಯ ವಾಕ್ಯರಚನೆಯನ್ನು ರಾಜಕೀಯ ಬರಹದಲ್ಲಿ ಹುಡುಕುವುದು ಕಷ್ಟ.

ಉಪವಾಕ್ಯಗಳ ಕ್ರಮ ನೋಡಿ. ಗುಂಪುಗಳು ತಾಯಿತಂದೆಯರನ್ನು ಕೊಲ್ಲುವುದು ಮೊದಲು, ಪೊಲೀಸರ ದ್ವೇಷ ಆಮೇಲೆ, ನಂತರ ಬಡತನ. ಅಲ್ಲಿಂದ ಇದ್ದಕ್ಕಿದ್ದಂತೆ ಮನೆಯೊಳಗೆ: ಟಿವಿಯಲ್ಲಿ ಜಾಹೀರಾತು ಬಂದ ಮನರಂಜನಾ ಉದ್ಯಾನಕ್ಕೆ ಆರು ವರ್ಷದ ಮಗಳು ಹೋಗುವಂತಿಲ್ಲ ಎಂದು ಹೇಳಲು ಹೊರಟ ಅಪ್ಪನ ನಾಲಿಗೆ ತೊದಲುತ್ತದೆ. ಬಿಳಿಯರು ಕಪ್ಪು ಜನರನ್ನು ಏಕೆ ಅಷ್ಟು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ಎಂಬ ಐದು ವರ್ಷದ ಮಗನ ಪ್ರಶ್ನೆ. ಯಾವ ವಸತಿಗೃಹವೂ ಸೇರಿಸದೆ ರಾತ್ರಿಯೆಲ್ಲ ಕಾರಿನಲ್ಲೇ ಮಲಗುವುದು. ಫಲಕಗಳು. ನಂತರ ಕರೆಯುವ ಬಗೆ: ಎಷ್ಟೇ ವಯಸ್ಸಾದವನನ್ನೂ ‘ಹುಡುಗ’ ಎನ್ನುವುದು, ಹೆಂಡತಿಗಾಗಲಿ ತಾಯಿಗಾಗಲಿ ‘ಶ್ರೀಮತಿ’ ಎಂಬ ಗೌರವ ಸಿಗದಿರುವುದು. ಹಿರಿಯರನ್ನು ಏಕವಚನದಲ್ಲಿ ಕೂಗುವ ಜಾತಿಯ ದರ್ಪ ಕಂಡವರಿಗೆ ಈ ಸಾಲಿಗೆ ಟಿಪ್ಪಣಿ ಬೇಕಿಲ್ಲ. ಕೊನೆಯದು ಒಳಗಿನದು: ತಾನು ಯಾರೂ ಅಲ್ಲ ಎಂಬ ಭಾವನೆಯೊಡನೆ ದಿನವೂ ಗುದ್ದಾಡುವುದು. ರಕ್ತದಿಂದ ಶುರುವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಸಾಮಾನ್ಯ ಭಾಷಣಕಾರ ಇದನ್ನು ತಿರುಗಿಸಿ ಕೊಲೆಯನ್ನು ಕೊನೆಗೆ ಇಡುತ್ತಿದ್ದ. ಆದರೆ ಈ ಎಂಟು ಮಂದಿ ಕೊಲೆಯನ್ನು ಆಗಲೇ ಖಂಡಿಸುವವರು. ಅವರಿಗೆ ಕಾಣದಿದ್ದದ್ದು ಮಗುವಿನ ಮುಖ.

ಅನ್ಯಾಯದ ಕಾನೂನನ್ನು ಗುರುತಿಸುವುದು ಹೇಗೆ? ತನಗೆ ಹಿಡಿಸದ್ದೆಲ್ಲ ಅನ್ಯಾಯವೆಂದರೆ ಆಯಿತೇ?

ಪತ್ರ ಎದುರಿಸಬೇಕಿದ್ದ ಅತಿ ಕಠಿಣ ಪ್ರಶ್ನೆ ಇದು. ಶಾಲೆಗಳಲ್ಲಿ ಪ್ರತ್ಯೇಕತೆ ಸಲ್ಲದೆಂದ 1954ರ ಸುಪ್ರೀಂ ಕೋರ್ಟ್ ತೀರ್ಪನ್ನು ಪಾಲಿಸಿ ಎಂದು ಬಿಳಿಯರನ್ನು ಕೇಳುತ್ತಿದ್ದವರೇ ತಾವು ಕಾನೂನು ಮುರಿಯುತ್ತಿದ್ದಾರೆ. ಈ ವಿರೋಧಾಭಾಸವನ್ನು ಯಾರೂ ಎತ್ತುವ ಮೊದಲೇ ಕಿಂಗ್ ತಾವಾಗಿ ಎತ್ತುತ್ತಾರೆ, ಆಮೇಲೆ ನಾಲ್ಕು ಒರೆಗಲ್ಲುಗಳನ್ನು ಕೊಡುತ್ತಾರೆ.

ಮೊದಲನೆಯದು ಧರ್ಮದ್ದು. ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ಆಗಸ್ಟೀನನ ಮಾತು, ನೈಸರ್ಗಿಕ ನಿಯಮದಲ್ಲಿ ಬೇರಿಲ್ಲದ ಕಾನೂನು ಅನ್ಯಾಯದ್ದು ಎಂಬ ಮಧ್ಯಯುಗದ ಕ್ಯಾಥಲಿಕ್ ಚಿಂತಕ ಥಾಮಸ್ ಅಕ್ವಿನಾಸನ ಮಾತು, ಮನುಷ್ಯನನ್ನು ವಸ್ತುವಾಗಿಸುವುದರ ಬಗ್ಗೆ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಹೇಳಿದ್ದು, ಪಾಪವೆಂದರೆ ಬೇರ್ಪಡುವಿಕೆ ಎಂದ ಪಾಲ್ ಟಿಲಿಕ್ ಅವರ ವಿಚಾರ. ವ್ಯಕ್ತಿತ್ವವನ್ನು ಎತ್ತುವ ಕಾನೂನು ನ್ಯಾಯದ್ದು, ಕುಗ್ಗಿಸುವುದು ಅನ್ಯಾಯದ್ದು.

ಎರಡನೆಯದು: ಬಹುಸಂಖ್ಯಾತರು ಅಲ್ಪಸಂಖ್ಯಾತರ ಮೇಲೆ ಹೇರಿ, ತಮಗೆ ಮಾತ್ರ ಅನ್ವಯಿಸಿಕೊಳ್ಳದ ಕಾನೂನು. ಮೂರನೆಯದು: ಮತದಾನದ ಹಕ್ಕನ್ನೇ ಕಿತ್ತುಕೊಂಡವರ ಮೇಲೆ, ಅವರ ಪಾಲಿಲ್ಲದೆ ಮಾಡಿದ ಕಾನೂನು. ಕಪ್ಪು ಜನರೇ ಹೆಚ್ಚಿದ್ದ ಕೆಲವು ಅಲಬಾಮಾ ಕೌಂಟಿಗಳಲ್ಲಿ ಒಬ್ಬ ಕಪ್ಪು ಮತದಾರನ ಹೆಸರೂ ಪಟ್ಟಿಯಲ್ಲಿರಲಿಲ್ಲ. ನಾಲ್ಕನೆಯದು: ಮೇಲ್ನೋಟಕ್ಕೆ ನ್ಯಾಯವಾಗಿದ್ದು ಬಳಕೆಯಲ್ಲಿ ಅನ್ಯಾಯವಾದದ್ದು. ಮೆರವಣಿಗೆಗೆ ಪರವಾನಗಿ ಬೇಕೆಂಬ ನಿಯಮದಲ್ಲಿ ತಪ್ಪಿಲ್ಲ. ಆದರೆ ಪರವಾನಗಿ ಕೇಳಲು ಹೋದ, ಷಟಲ್ಸ್‌ವರ್ಥ್ ಸಂಘಟನೆಯ ಲೋಲಾ ಹೆಂಡ್ರಿಕ್ಸ್ ಅವರಿಗೆ ಕಾನರ್ ಸಾರಾಸಗಟಾಗಿ ಇಲ್ಲವೆಂದು, ಜೈಲಿಗೆ ಕಳಿಸುವ ಮಾತಾಡಿದ್ದು ನ್ಯಾಯಾಲಯದ ದಾಖಲೆಯಲ್ಲಿದೆ.

ದೇವರನ್ನು ನಂಬದವರೂ ಎರಡರಿಂದ ನಾಲ್ಕನೆಯವರೆಗಿನ ಒರೆಗಲ್ಲುಗಳನ್ನು ಒಪ್ಪಬಹುದು. ಮೊದಲನೆಯದು ಧರ್ಮಗುರುಗಳಿಗೆ, ಉಳಿದವು ಎಲ್ಲ ನಾಗರಿಕರಿಗೆ. ‘ನನಗೆ ಹಿಡಿಸದು’ ಎಂಬುದು ಈ ನಾಲ್ಕರಲ್ಲಿ ಯಾವುದನ್ನೂ ದಾಟದು.

ಆ ಹೆಸರುಗಳನ್ನೇ ಏಕೆ ಆರಿಸಿಕೊಂಡರು?

ಸಹಿ ಮಾಡಿದವರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಅಕ್ವಿನಾಸ್ ಕ್ಯಾಥಲಿಕ್ ಬಿಷಪ್‌ಗೆ, ಬೂಬರ್ ರಬ್ಬಿಗೆ, ಟಿಲಿಕ್ ಪ್ರೊಟೆಸ್ಟೆಂಟರಿಗೆ. ಆಗಸ್ಟೀನ್ ಕ್ರೈಸ್ತರೆಲ್ಲರಿಗೂ. ಅವರವರ ಗುರುವನ್ನೇ ಅವರವರ ಮುಂದೆ ನಿಲ್ಲಿಸಿದ್ದಾರೆ. ಎದುರಾಳಿಯ ಅಳತೆಗೋಲಿನಲ್ಲೇ ಅಳೆದು ತೋರಿಸುವುದು ಈ ಪತ್ರದ ಮೂಲ ಉಪಾಯ. ಉಳಿದ ಅಲಂಕಾರಗಳೆಲ್ಲ ಅದರ ನಂತರ.

ಗಾಂಧೀಜಿಯ ಪ್ರಭಾವ ಎಲ್ಲಿದೆ?

ವಿಧಾನದಲ್ಲಿದೆ, ಹೆಸರಿನಲ್ಲಿಲ್ಲ. 1959ರಲ್ಲಿ ಭಾರತದಲ್ಲಿ ಸುಮಾರು ಒಂದು ತಿಂಗಳು ಸುತ್ತಿದ್ದ, ಗಾಂಧೀಜಿಯನ್ನು ಬೇರೆಡೆ ಮತ್ತೆ ಮತ್ತೆ ನೆನೆದ ಕಿಂಗ್ ಈ ಪತ್ರದಲ್ಲಿ ಅವರ ಹೆಸರೆತ್ತುವುದಿಲ್ಲ. ಕಾರಣ ಮೇಲಿನ ಉತ್ತರದಲ್ಲೇ ಇದೆ ಎಂಬುದು ನಮ್ಮ ಓದು: ಅಲಬಾಮಾದ ಬಿಷಪ್‌ಗಳಿಗೆ ಗಾಂಧಿ ಅವರ ಮನೆಯ ಗುರುವಲ್ಲ. ಆದರೆ ಅನ್ಯಾಯದ ಕಾನೂನು ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮುರಿಯಬೇಕು ಎಂಬ ಷರತ್ತನ್ನು ಓದಿದಾಗ, 1908ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಮಸೀದಿಯ ಬಯಲಲ್ಲಿ ಗಾಂಧೀಜಿಯ ನೇತೃತ್ವದಲ್ಲಿ ಭಾರತೀಯರು ನೋಂದಣಿ ಪತ್ರಗಳನ್ನು ಎಲ್ಲರೆದುರು ಸುಟ್ಟದ್ದು ನೆನಪಾಗದೆ ಇರದು.

ಈ ಷರತ್ತಿನಲ್ಲಿಯೇ ‘ಹಾಗಾದರೆ ಅರಾಜಕತೆ ಆಗದೇ?’ ಎಂಬುದಕ್ಕೂ ಉತ್ತರವಿದೆ. ಕದ್ದು ಮುರಿಯುವವನು ಕಾನೂನಿನಿಂದ ತಪ್ಪಿಸಿಕೊಳ್ಳುತ್ತಾನೆ. ಎದುರಿಗೆ ನಿಂತು ಮುರಿದು ಜೈಲಿಗೆ ನಡೆಯುವವನು ಕಾನೂನಿನ ಮೇಲಿನ ಗೌರವದಿಂದಲೇ ಹಾಗೆ ಮಾಡುತ್ತಾನೆ.

ಮಧ್ಯಮಮಾರ್ಗಿಗಳ ಮೇಲೆ ಅಷ್ಟು ಕಟುವಾಗಿ ಏಕೆ ಬರೆದರು?

ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘವಾದ ಕು ಕ್ಲಕ್ಸ್ ಕ್ಲಾನ್‌ನವನಿಗಿಂತ, ನ್ಯಾಯಕ್ಕಿಂತ ಶಾಂತಿಯೇ ಮುಖ್ಯವೆನ್ನುವ ಬಿಳಿಯ ಮಧ್ಯಮಮಾರ್ಗಿಯೇ ದೊಡ್ಡ ಅಡ್ಡಿಯಿರಬಹುದು ಎಂದು ಕಿಂಗ್ ಬರೆಯುತ್ತಾರೆ. ನಾವು ಬಿಕ್ಕಟ್ಟನ್ನು ಹುಟ್ಟಿಸಲಿಲ್ಲ, ಮುಚ್ಚಿದ್ದನ್ನು ಬೆಳಕಿಗೆ ತಂದೆವು, ಹುಣ್ಣು ವಾಸಿಯಾಗಲು ಗಾಳಿ ಬೆಳಕು ತಾಗಬೇಕು ಎನ್ನುತ್ತಾರೆ. ಹಿಂಸೆಗೆ ಪ್ರಚೋದನೆ ಎಂದವರಿಗೆ ಕೇಳುತ್ತಾರೆ: ಹಣವಿದ್ದವನು ಕಳ್ಳತನಕ್ಕೆ ಕಾರಣವೆಂದು ಅವನನ್ನೇ ದೂರುತ್ತೀರಾ?

ಆದರೆ ಕಟುತನದ ನಡುವೆಯೂ ಒಳ್ಳೆಯದನ್ನು ಹೆಸರಿಟ್ಟು ಹೇಳುತ್ತಾರೆ. ಎಂಟು ಮಂದಿಯಲ್ಲಿ ಒಬ್ಬರಾದ ಅರ್ಲ್ ಸ್ಟಾಲಿಂಗ್ಸ್ ತಮ್ಮ ಚರ್ಚಿನ ಭಾನುವಾರದ ಆರಾಧನೆಗೆ ಕಪ್ಪು ಜನರನ್ನು ಸೇರಿಸಿಕೊಂಡದ್ದನ್ನು ಮೆಚ್ಚುತ್ತಾರೆ. ಆ ಮೆಚ್ಚುಗೆ ಇಲ್ಲದಿದ್ದರೆ ನಿರಾಶೆ ಬರೀ ಬೈಗುಳವಾಗುತ್ತಿತ್ತು.

‘ಉಗ್ರವಾದಿ’ ಎಂಬ ಪದವನ್ನು ಹೇಗೆ ತಿರುಗಿಸಿದರು?

ಮೊದಲು ನಿರಾಕರಿಸುತ್ತಾರೆ: ಒಂದು ಕಡೆ ಎಲ್ಲಕ್ಕೂ ಒಗ್ಗಿಹೋದವರು, ಇನ್ನೊಂದು ಕಡೆ ದ್ವೇಷಕ್ಕಿಳಿದವರು, ನಾನು ನಡುವೆ ನಿಂತವನು. ಆಮೇಲೆ ಅದೇ ಪದವನ್ನು ಅಪ್ಪಿಕೊಳ್ಳುತ್ತಾರೆ: ಯೇಸು ಪ್ರೀತಿಯ ಉಗ್ರವಾದಿಯಲ್ಲವೇ? ಪ್ರವಾದಿ ಆಮೋಸ್, ಪೌಲ, ಧರ್ಮಸುಧಾರಕ ಮಾರ್ಟಿನ್ ಲೂಥರ್, ಲೇಖಕ ಬನ್ಯನ್, ಲಿಂಕನ್, ಜೆಫರ್ಸನ್? ಹೀಗೆ ಪ್ರಶ್ನೆಯೇ ಬದಲಾಗಿ, ಯಾವುದಕ್ಕಾಗಿ ಉಗ್ರವಾದಿಗಳಾಗುತ್ತೀರಿ ಎಂದಾಗುತ್ತದೆ. ನಿರಾಕರಣೆ ಮೊದಲು, ಸ್ವೀಕಾರ ಆಮೇಲೆ ಎಂಬ ಈ ಕ್ರಮ ಇಲ್ಲದೆ ಬರೀ ಸ್ವೀಕರಿಸಿದ್ದರೆ ಸವಾಲು ಹಾಕಿದಂತಾಗುತ್ತಿತ್ತು.

ಪತ್ರದಿಂದ ಬರ್ಮಿಂಗ್‌ಹ್ಯಾಮ್ ಬದಲಾಯಿತೇ?

ಪತ್ರವೊಂದರಿಂದಲೇ ಅಲ್ಲ. ಅದು ಬರೆದಾಗ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಚಳವಳಿಯೇ ಸೊರಗಿತ್ತು, ಜಾಮೀನಿನ ಹಣ ಮುಗಿದಿತ್ತು. ಮೇ 2ರಂದು ಶಾಲಾ ಮಕ್ಕಳು 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಸಾಲುಸಾಲಾಗಿ ಹೊರಟು ನೂರಾರು ಸಂಖ್ಯೆಯಲ್ಲಿ ಜೈಲಿಗೆ ಹೋದರು. ಮರುದಿನ ಅವರ ಮೇಲೆ ಬೆಂಕಿ ಆರಿಸುವ ನೀರಿನ ಪೈಪು ಬಿಟ್ಟದ್ದು, ನಾಯಿಗಳನ್ನು ಛೂ ಬಿಟ್ಟದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮೇ 10ರಂದು ಒಪ್ಪಂದವಾಯಿತು: ತಿಂಡಿಕಟ್ಟೆ, ಶೌಚಾಲಯ, ಕುಡಿಯುವ ನೀರಿನ ನಲ್ಲಿಗಳ ಪ್ರತ್ಯೇಕತೆ 90 ದಿನದೊಳಗೆ ಹೋಗಬೇಕು. ಪತ್ರ ವ್ಯಾಪಕವಾಗಿ ಅಚ್ಚಾಗಿ ದೇಶ ಓದಿದ್ದು ಆಮೇಲೆ, ಆ ಬೇಸಿಗೆಯಲ್ಲಿ. ಚಿತ್ರಗಳನ್ನು ನೋಡಿ ಕಳವಳಗೊಂಡವರಿಗೆ ಅದು ಕಾರಣ ಕೊಟ್ಟಿತು. ಸೆಪ್ಟೆಂಬರ್ 15ರಂದು ಅದೇ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಸಾರ್ವಜನಿಕ ಸ್ಥಳಗಳಲ್ಲಿ ಪ್ರತ್ಯೇಕತೆಯನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು 1964ರ ಜುಲೈ 2ರಂದು.

ನ್ಯಾಯಾಲಯ ಈ ವಾದವನ್ನು ಒಪ್ಪಿತೇ?

ಪೂರ್ತಿ ಇಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ತಡೆಯಾಜ್ಞೆ ಮೀರಿದ್ದಕ್ಕೆ ಕಿಂಗ್ ಮತ್ತು ಜೊತೆಗಾರರಿಗೆ ಆಗಿದ್ದ ನ್ಯಾಯಾಂಗ ನಿಂದನೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ತಡೆಯಾಜ್ಞೆ ತಪ್ಪಾಗಿದ್ದರೆ ಮೊದಲು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಿತ್ತು, ಮುರಿದು ಆಮೇಲೆ ಪ್ರಶ್ನಿಸುವಂತಿಲ್ಲ ಎಂಬುದು ತೀರ್ಪು. ಕಿಂಗ್ ಐದು ದಿನದ ಆ ಶಿಕ್ಷೆಗಾಗಿ ಅದೇ ವರ್ಷ ಅಲಬಾಮಾದಲ್ಲಿ ಮತ್ತೆ ಜೈಲು ಸೇರಿದರು. ಎರಡು ವರ್ಷದ ನಂತರ, 1969ರಲ್ಲಿ, ಅದೇ ಮೆರವಣಿಗೆ ನಿಯಮದಡಿ ಷಟಲ್ಸ್‌ವರ್ಥ್ ಅವರಿಗೆ ಆಗಿದ್ದ ಶಿಕ್ಷೆಯನ್ನು ಅದೇ ಕೋರ್ಟ್ ರದ್ದುಮಾಡಿತು. ನಿಯಮ ಮುರಿಯುವುದು ಬೇರೆ, ನ್ಯಾಯಾಲಯದ ಆಜ್ಞೆ ಮುರಿಯುವುದು ಬೇರೆ ಎಂಬ ವ್ಯತ್ಯಾಸವನ್ನು ಹೋರಾಟಗಾರರು ಮರೆಯಬಾರದು. ಶಿಕ್ಷೆಗೆ ಸಿದ್ಧರಿರಬೇಕೆಂಬ ಪತ್ರದ ಷರತ್ತು ಬರೀ ಮಾತಾಗಿ ಉಳಿಯಲಿಲ್ಲ.

ಇಂಥ ಮನವಿ ಬರೆಯುವವರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಓದುಗ ಯಾರೆಂದು ನಿರ್ಧರಿಸದೆ ಬರೆಯುವುದು ಎಲ್ಲಕ್ಕಿಂತ ದೊಡ್ಡ ದೋಷ. ತಮ್ಮವರ ಚಪ್ಪಾಳೆಗೆ ಬರೆದದ್ದು ಎದುರಿನವರ ಮನಸ್ಸಿಗೆ ಇಳಿಯುವುದಿಲ್ಲ. ಎದುರಾಳಿಯ ಮಾತನ್ನು ದುರ್ಬಲಗೊಳಿಸಿ ಹೇಳಿ ಆಮೇಲೆ ಕೆಡವುವುದು ಎರಡನೆಯದು. ಅವರು ಹೇಳಿಕೆಯನ್ನು ತಿರುಗಿಸಿ ನೋಡಿದ ಕ್ಷಣ ನಿಮ್ಮ ಮಾತಿನ ಬೆಲೆ ಹೋಗುತ್ತದೆ. ಸಂಗತಿಗಳಿಗಿಂತ ಮೊದಲು ಭಾವನೆ ತರುವುದೂ ಕೆಡಿಸುತ್ತದೆ: ಪತ್ರದಲ್ಲಿ ಫಲಕಗಳ, ಮುಂದೂಡಿದ ತಾರೀಖುಗಳ ವಿವರ ಬಂದ ಮೇಲೆಯೇ ಆ ಉದ್ದ ವಾಕ್ಯ ಬರುತ್ತದೆ. ಉದ್ದ ವಾಕ್ಯ ಒಂದು ಬರಹದಲ್ಲಿ ಒಂದೇ ಸಾಕು. ಅದರ ಮುಂಚೆ ಚಿಕ್ಕ ವಾಕ್ಯಗಳಿರಲಿ. ದೃಷ್ಟಾಂತಗಳು ಎಲ್ಲೆಡೆ ಸಲ್ಲುವ ‘ದೌರ್ಜನ್ಯ’, ‘ಶೋಷಣೆ’ಯಂಥ ಪದಗಳಾಗಿರದೆ, ಟಿವಿ ಜಾಹೀರಾತು ನೋಡಿ ಕೇಳಿದ ಮಗುವಿನಷ್ಟು ಖಚಿತವಾಗಿರಲಿ.

ಮತ್ತು ಕೇಳುವವನು ತಾನು ಏನನ್ನು ಪಣಕ್ಕಿಟ್ಟಿದ್ದಾನೆ ಎಂಬುದು ಕಾಣಬೇಕು. ಇದೇ ಮಾತುಗಳನ್ನು ಅಟ್ಲಾಂಟಾದ ತಮ್ಮ ಕಚೇರಿಯಲ್ಲಿ ಕುಳಿತು ಬರೆದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಯಾವ ಆವೃತ್ತಿ ಓದಬೇಕು? ಎಲ್ಲಿಂದ ಶುರುಮಾಡಬೇಕು?

1963ರಲ್ಲಿ ಕಿರುಹೊತ್ತಗೆಯಾಗಿಯೂ ನಿಯತಕಾಲಿಕಗಳಲ್ಲಿಯೂ ಬಂದ ಪಾಠ ಒಂದು, 1964ರಲ್ಲಿ ಕಿಂಗ್ ತಮ್ಮ ಪುಸ್ತಕಕ್ಕೆ ಸೇರಿಸುವಾಗ ನಯಗೊಳಿಸಿದ್ದು ಇನ್ನೊಂದು. ವಾದ ಎರಡರಲ್ಲೂ ಒಂದೇ, ಅಲ್ಲಲ್ಲಿ ಪದಗಳು ಬೇರೆ. ತರಗತಿಗೆ ಯಾವುದಾದರೂ ಆದೀತು. ಆದರೆ ಎಂಟು ಮಂದಿಯ ಹೇಳಿಕೆಯನ್ನು ಮೊದಲು ಓದಿ. ಒಂದು ಪುಟದಷ್ಟೇ ಇದೆ. ಅದರಲ್ಲಿ ನಿಮಗೆ ಒಪ್ಪಿಗೆಯಾಗುವ ವಾಕ್ಯಗಳಿಗೆ ಗುರುತು ಹಾಕಿಕೊಂಡು, ಆಮೇಲೆ ಪತ್ರಕ್ಕೆ ಬನ್ನಿ.